ಸ್ಟೆಮ್ ಸೆಲ್ ಸ್ರಾವ: ಲ್ಯಾಬಿನಿಂದ ಗಾಯದವರೆಗೆ, ಹಂತ ಹಂತವಾಗಿ

ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ಒಂದು ಗುಳ್ಳೆ ಎದ್ದರೆ ಮನೆಯವರಿಗೆಲ್ಲ ಆತಂಕ. ಬೇರೆಯವರಿಗೆ ವಾರದಲ್ಲಿ ಒಣಗುವ ಗಾಯ ಅವರಿಗೆ ತಿಂಗಳಾದರೂ ಹಸಿಯಾಗಿಯೇ ಉಳಿಯಬಹುದು. ಇಂಥ ಗಾಯಕ್ಕೆ, ಸವೆದ ಮಂಡಿಗೆ, ಪೆಟ್ಟು ತಿಂದ ಹೃದಯಕ್ಕೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಜೀವಕೋಶ) ಮದ್ದಾಗಬಹುದು ಎಂಬ ಮಾತು ಬಹಳ ವರ್ಷದಿಂದ ಇದೆ. ಜೀವಕೋಶವನ್ನೇ ಕೊಡಬೇಕಿಲ್ಲ, ಅದು ಹೊರಬಿಡುವ ಸ್ರಾವವೇ ಸಾಕಾಗಬಹುದು ಎಂಬುದು ಈಗಿನ ಮಾತು. ಆ ಸ್ರಾವವನ್ನು ಹೇಗೆ ತೆಗೆಯುತ್ತಾರೆ, ಗಾಯದಲ್ಲಿ ಅದು ಏನು ಮಾಡುತ್ತದೆ, ಯಾರಾದರೂ ಅದನ್ನು ಕೊಡುತ್ತೇವೆ ಎಂದಾಗ ನಾವು ಏನು ಕೇಳಬೇಕು, ನೋಡೋಣ.

ಮೊದಲು: ಸ್ರಾವದ ಕಡೆ ಗಮನ ಹೋಗಿದ್ದು ಯಾಕೆ?

ಇಲ್ಲಿ ಹೇಳುತ್ತಿರುವುದು ಮೀಸೆಂಕೈಮಲ್ ಎಂಬ ಜಾತಿಯ ಕೋಶಗಳ ಬಗ್ಗೆ. ಮೂಳೆಯ ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಲ್ಲಿ ಇವು ಸಿಗುತ್ತವೆ. ಇವನ್ನು ಚುಚ್ಚಿದರೆ ಹಾಳಾದ ಜಾಗಕ್ಕೆ ಹೋಗಿ ಕೂತು, ತಾವೇ ಹೊಸ ಮಾಂಸವಾಗಿ ಬೆಳೆಯುತ್ತವೆ ಎಂದು ಮೊದಲು ನಂಬಿದ್ದರು. ಪ್ರಯೋಗ ಮಾಡಿ ನೋಡಿದಾಗ ಲೆಕ್ಕ ಕೂಡಲಿಲ್ಲ. ಅಲ್ಲಿ ಉಳಿದ ಕೋಶಗಳು ಬಹಳ ಕಡಿಮೆ, ಆದರೆ ಗುಣ ಕಾಣುತ್ತಿತ್ತು!

2005ರಲ್ಲಿ ಅಮೆರಿಕದ ವಿಕ್ಟರ್ ಜಾವ್ ಅವರ ತಂಡ ಕೋಶಗಳನ್ನು ಬಿಟ್ಟು, ಅವು ಬೆಳೆದಿದ್ದ ದ್ರವವನ್ನಷ್ಟೇ ಇಲಿಗಳ ಹೃದಯಕ್ಕೆ ಕೊಟ್ಟಿತು. ಆ ಕೋಶಗಳಿಗೆ ಮೊದಲೇ ಒಂದು ಜೀನ್ ಸೇರಿಸಿದ್ದರು. ದ್ರವ ಮಾತ್ರ ಕೊಟ್ಟರೂ ಹೃದಯಕ್ಕಾದ ಹಾನಿ ಕಡಿಮೆಯಾಯಿತು. 2009ರಲ್ಲಿ ಡಾರ್ವಿನ್ ಪ್ರೋಕಾಪ್ ಅವರ ತಂಡ ಇನ್ನೊಂದು ಸಂಗತಿ ಕಂಡಿತು. ಇಲಿಯ ರಕ್ತಕ್ಕೆ ಬಿಟ್ಟ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಂಡಿದ್ದವು. ಹೃದಯ ತಲುಪದ ಅವು ಅಲ್ಲಿಂದಲೇ ಟಿಎಸ್‌ಜಿ-6 ಎಂಬ ಪ್ರೋಟೀನ್ ಹೊರಬಿಟ್ಟವು. ಅದರಿಂದ ಹೃದಯದ ಉರಿಯೂತ ತಗ್ಗಿತು. ನನ್ನ ಮಟ್ಟಿಗೆ ಈ ವಿಷಯ ಅರ್ಥಮಾಡಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ.

ಒಳ್ಳೆಯ ಮೇಸ್ತ್ರಿ ತಾನೇ ಕಲ್ಲು ಹೊರುವುದಿಲ್ಲ, ಆಳುಗಳನ್ನು ಕೆಲಸಕ್ಕೆ ಹಚ್ಚುತ್ತಾನೆ. ಈ ಕೋಶಗಳದ್ದೂ ಅದೇ ಕೆಲಸ. ರಿಪೇರಿ ಮಾಡುವುದು ರೋಗಿಯ ಸ್ವಂತ ಕೋಶಗಳೇ. ‘ಮೀಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು 1991ರಲ್ಲಿ ಚಾಲ್ತಿಗೆ ತಂದ ಆರ್ನಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬದಲಿಸೋಣ ಎಂದು ಬರೆದರು.

ಹಂತ 1: ಕೋಶ ಆರಿಸುವುದು

ದಾನಿಯ ಒಪ್ಪಿಗೆ ಪಡೆದು, ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕು ಇಲ್ಲವೆಂದು ನೋಡಿ ಮಾದರಿ ತೆಗೆಯುತ್ತಾರೆ. ಸಿಕ್ಕಿದ್ದೆಲ್ಲ ಸ್ಟೆಮ್ ಸೆಲ್ ಅಲ್ಲ. 2006ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕೋಶಗಳು ಪ್ಲಾಸ್ಟಿಕ್ ತಟ್ಟೆಗೆ ಅಂಟಿಕೊಂಡು ಬೆಳೆಯಬೇಕು. ಮೈಮೇಲೆ ಸಿಡಿ73, ಸಿಡಿ90, ಸಿಡಿ105 ಎಂಬ ಗುರುತುಗಳಿರಬೇಕು. ಲ್ಯಾಬಿನಲ್ಲಿ ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶಗಳಾಗಿ ಬದಲಾಗಬಲ್ಲವು ಎಂದು ತೋರಿಸಬೇಕು.

ಹಂತ 2: ಬೆಳೆಸಿ, ದ್ರವ ಕೂಡಿಹಾಕುವುದು

37 ಡಿಗ್ರಿ ಬಿಸಿ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಕೋಶಗಳನ್ನು ಬೆಳೆಸುತ್ತಾರೆ. ಅವು ತಿನ್ನಲು ಸಾಮಾನ್ಯವಾಗಿ ಬಳಸುವುದು ಕರುವಿನ ರಕ್ತದಿಂದ ತೆಗೆದ ಸೀರಂ. ತೊಡಕು ಇರುವುದು ಇಲ್ಲೇ. ಆ ಸೀರಂನಲ್ಲಿ ಕರುವಿನದೇ ಪ್ರೋಟೀನ್, ಕರುವಿನದೇ ಕಣಗಳು ತುಂಬಿರುತ್ತವೆ. ಅದನ್ನು ಹಾಗೇ ಬಿಟ್ಟರೆ ಕೊನೆಗೆ ಸಿಗುವುದು ಮನುಷ್ಯರ ಕೋಶದ ಸ್ರಾವವೋ, ಕರುವಿನದ್ದೋ ಗೊತ್ತೇ ಆಗುವುದಿಲ್ಲ. ಅದಕ್ಕೇ ಕೋಶಗಳನ್ನು ತೊಳೆದು, ಸೀರಂ ಇಲ್ಲದ ದ್ರವದಲ್ಲಿ ಸಾಮಾನ್ಯವಾಗಿ 24ರಿಂದ 48 ಗಂಟೆ ಇಡುತ್ತಾರೆ. ಕೆಲವು ಲ್ಯಾಬ್‌ಗಳು ಆಮ್ಲಜನಕವನ್ನೂ ಬೇಕಂತಲೇ ತಗ್ಗಿಸುತ್ತವೆ. ಉಸಿರು ಕಟ್ಟಿದ ಕೋಶ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಜಾಸ್ತಿ ಬಿಡುತ್ತದೆ.

ಹಂತ 3: ಸೋಸುವುದು, ಪರೀಕ್ಷಿಸುವುದು

ದ್ರವವನ್ನು ಜೋರಾಗಿ ತಿರುಗಿಸುವ ಯಂತ್ರಕ್ಕೆ ಹಾಕುತ್ತಾರೆ. ಮೊದಲು ನಿಧಾನ ವೇಗದಲ್ಲಿ ಸತ್ತ ಕೋಶಗಳು ತಳಕ್ಕೆ ಇಳಿಯುತ್ತವೆ, ಆಮೇಲೆ ಚೂರುಪಾರು. ಕೋಶಗಳು ಸ್ರಾವದ ಜೊತೆ ಹೊರಬಿಡುವ ಎಕ್ಸೋಸೋಮ್ ಎಂಬ ಸಣ್ಣ ಚೀಲಗಳು ಬೇಕೆಂದರೆ ಭೂಮಿಯ ಸೆಳೆತಕ್ಕಿಂತ ಸುಮಾರು 1 ಲಕ್ಷ ಪಟ್ಟು ಬಲದಲ್ಲಿ ತಿರುಗಿಸಬೇಕು. ಯಾಕೆಂದರೆ ಅವು ಅಷ್ಟು ಚಿಕ್ಕವು: 30ರಿಂದ 150 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು.

ಈ ಚೀಲಗಳು 1983ರಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಕಂಡವು. ಕೆನಡಾದ ರೋಸ್ ಜಾನ್‌ಸ್ಟನ್ ಅವರ ಲ್ಯಾಬಿನಲ್ಲಿ ಇದನ್ನು ನೋಡಿದ ಕಾಲಕ್ಕೆ, ಕೋಶ ಕಸ ಹೊರಹಾಕುವ ದಾರಿ ಇದು ಎಂದೇ ಬಹಳ ಮಂದಿ ತಿಳಿದಿದ್ದರು. ಅವುಗಳ ಒಳಗೆ ಪ್ರೋಟೀನ್, ಕೊಬ್ಬು, ಜೀನ್‌ಗಳ ಕೆಲಸ ಹತೋಟಿ ಮಾಡುವ ಮೈಕ್ರೋ ಆರ್‌ಎನ್‌ಎ ಇರುತ್ತವೆ, ಇನ್ನೊಂದು ಕೋಶ ಅವನ್ನು ಒಳಗೆ ಎಳೆದುಕೊಂಡು ತನ್ನ ನಡತೆ ಬದಲಿಸುತ್ತದೆ ಎಂಬುದು ಗೊತ್ತಾಗಿದ್ದು ಆಮೇಲೆ.

ಕೊನೆಗೆ ಬ್ಯಾಕ್ಟೀರಿಯಾ, ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಕ್ರಿಮಿ, ವಿಷಾಂಶ ಇಲ್ಲವೆಂದು ನೋಡಬೇಕು. ಕಣಗಳನ್ನು ಎಣಿಸಬೇಕು. ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಅಡುಗೆಮನೆ ಫ್ರಿಜ್ಜಿನಂಥದ್ದರಲ್ಲಿ ಇಟ್ಟ ಬಾಟಲಿ ತೋರಿಸಿ ‘ಎಕ್ಸೋಸೋಮ್’ ಎಂದರೆ ಅನುಮಾನ ಪಡಬೇಕು.

ಹಂತ 4: ಗಾಯದೊಳಗೆ ನಡೆಯುವುದು

ಗಾಯವಾದ ಕೂಡಲೇ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಉರಿಯೂತ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಬಂದು ಕ್ರಿಮಿಗಳನ್ನು, ಸತ್ತ ಅಂಗಾಂಶವನ್ನು ತಿನ್ನುತ್ತವೆ. ಈ ಕೆಲಸ ಮುಗಿದ ಮೇಲೆ ಅವು ತಮ್ಮ ಸ್ವಭಾವ ಬದಲಿಸಿ ರಿಪೇರಿಗೆ ನೆರವಾಗಬೇಕು. ಸಕ್ಕರೆ ಕಾಯಿಲೆಯ ಗಾಯದಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಅವು ಜಗಳದ ಹಂತದಲ್ಲೇ ನಿಂತುಬಿಡುತ್ತವೆ. ಹೊಸ ಚರ್ಮ ಬರುವ ಮುನ್ನವೇ ಅದನ್ನು ಕರಗಿಸುವ ಕಿಣ್ವಗಳು ಹರಿಯುತ್ತಲೇ ಇರುತ್ತವೆ.

ಸ್ರಾವದಲ್ಲಿರುವ ಪ್ರೊಸ್ಟಾಗ್ಲಾಂಡಿನ್ ಇ2, ಟಿಎಸ್‌ಜಿ-6ನಂಥವು ಮ್ಯಾಕ್ರೋಫೇಜ್‌ಗಳನ್ನು ಶಾಂತ ಸ್ವಭಾವದ ಕಡೆಗೆ ತಿರುಗಿಸುತ್ತವೆ. ವಿಇಜಿಎಫ್ ಪಕ್ಕದ ರಕ್ತನಾಳದಿಂದ ಹೊಸ ಕವಲು ಹೊರಡಿಸುತ್ತದೆ. ರಕ್ತ ಬಂದರೆ ಆಮ್ಲಜನಕ ಬರುತ್ತದೆ, ಆಹಾರ ಬರುತ್ತದೆ. ಎಚ್‌ಜಿಎಫ್ ಎಂಬ ಇನ್ನೊಂದು ಪ್ರೋಟೀನ್ ಸಾಯಲು ಹೊರಟ ಕೋಶಗಳನ್ನು ಉಳಿಸುತ್ತದೆ, ಗಾಯ ಗಟ್ಟಿ ಕಲೆಯಾಗುವುದನ್ನೂ ತಗ್ಗಿಸುತ್ತದೆ. ಅಂಚಿನಲ್ಲಿದ್ದ ಚರ್ಮದ ಕೋಶಗಳು ಒಳಗೆ ಸರಿದು ಗಾಯವನ್ನು ಮುಚ್ಚತೊಡಗುತ್ತವೆ.

ಇವೆಲ್ಲ ಒಟ್ಟಿಗೆ ಕೆಲಸ ಮಾಡುತ್ತವೆ ಎಂಬುದೇ ಇದರ ಬಲ. ಒಂದೇ ಪ್ರೋಟೀನ್ ಕೊಟ್ಟು ಈ ಫಲ ತರುವುದು ಕಷ್ಟ. ತೊಂದರೆಯೂ ಅದರಲ್ಲೇ ಇದೆ. ದಾನಿ ಬದಲಾದರೆ ಮಿಶ್ರಣ ಬದಲಾಗುತ್ತದೆ. ಒಂದು ಬ್ಯಾಚಿನಂತೆ ಇನ್ನೊಂದು ಇರುವುದಿಲ್ಲ. ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಲ್ಯಾಬ್ ಮತ್ತು ಪ್ರಾಣಿಗಳಲ್ಲಿ ಕಂಡದ್ದು ಎಂಬುದನ್ನೂ ಮರೆಯಬಾರದು. ಇನ್ನು, ರಕ್ತನಾಳ ಬೆಳೆಸುವ ವಸ್ತು ಗಡ್ಡೆಗೂ ರಕ್ತ ಒದಗಿಸಬಹುದು. ಹಾಗಾಗಿ ಕ್ಯಾನ್ಸರ್ ಇರುವವರ, ಇದ್ದವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಹಂತ 5: ಯಾರಾದರೂ ‘ಕೊಡುತ್ತೇವೆ’ ಎಂದಾಗ

ಈ ಭಾಗವನ್ನು ದಯವಿಟ್ಟು ಸುಮ್ನೆ ಓದಿ ಬಿಡಬೇಡಿ. 2019ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ನೆಬ್ರಾಸ್ಕಾ ರಾಜ್ಯದಲ್ಲಿ ಎಕ್ಸೋಸೋಮ್ ಎಂದು ಮಾರಿದ ಮದ್ದು ಪಡೆದವರಿಗೆ ಗಂಭೀರ ತೊಂದರೆ ಆಗಿತ್ತು. ಒಪ್ಪಿಗೆ ಪಡೆದ ಎಕ್ಸೋಸೋಮ್ ಮದ್ದು ಒಂದೂ ಇಲ್ಲ ಎಂದು ಅದು ಅಂದೇ ಸ್ಪಷ್ಟಪಡಿಸಿತು.

ಭಾರತದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಇದೆ. ಒಪ್ಪಿಗೆ ಸಿಗದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ನೋಂದಾಯಿತ ಪ್ರಯೋಗದ ಒಳಗೆ ಮಾತ್ರ ಕೊಡಬೇಕು ಎಂಬುದು ಅದರ ತಿರುಳು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್‌ಗೆ ಕಾಲಿನ ರಕ್ತನಾಳ ಕಟ್ಟುವ ತೀವ್ರ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ, ನಿಜ. ಆದರೆ ಅದು ಕೋಶಗಳ ಮದ್ದು, ಸ್ರಾವದ್ದಲ್ಲ. ಒಂದರ ಒಪ್ಪಿಗೆ ತೋರಿಸಿ ಇನ್ನೊಂದನ್ನು ಮಾರಲು ಬಂದರೆ ಒಪ್ಪಬೇಡಿ.

ಹಾಗಾದರೆ ಏನು ಕೇಳಬೇಕು? ಮೊದಲು ಸಿಟಿಆರ್‌ಐ ಸಂಖ್ಯೆ ಕೇಳಿ. ಅದು ದೇಶದ ಔಷಧ ಪ್ರಯೋಗಗಳ ಸರ್ಕಾರಿ ನೋಂದಣಿ ಪಟ್ಟಿ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಆ ಸಂಖ್ಯೆ ನಿಮ್ಮ ಕಾಯಿಲೆಗೇ, ಆ ಆಸ್ಪತ್ರೆಗೇ ಸೇರಿದ್ದಾ ಎಂದು ನೋಡಿ. ಪ್ರಯೋಗ ಸರಿಯೇ ಎಂದು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ನೀವು ಸಹಿ ಹಾಕುವ ಒಪ್ಪಿಗೆ ಫಾರಂ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಪ್ರಯೋಗ ಎನ್ನುತ್ತಲೇ ಲಕ್ಷಗಟ್ಟಲೆ ಬಿಲ್ ಮುಂದಿಟ್ಟರೆ ಎದ್ದು ಬನ್ನಿ. ಜಮೀನು ಅಡವಿಡುವ ಮುಂಚೆ, ಒಡವೆ ಮಾರುವ ಮುಂಚೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಇನ್ನೊಬ್ಬ ಡಾಕ್ಟರ ಮಾತೂ ಕೇಳಿ.

ಮನೆಯಲ್ಲಿ ಈಗಲೇ ಒಣಗದ ಪಾದದ ಗಾಯ ಇದ್ದರೆ, ಸಾಬೀತಾದ ಆರೈಕೆ ಕೈಗೆಟುಕುವಂತೆಯೇ ಇದೆ. ಸಕ್ಕರೆ ಹತೋಟಿಯಲ್ಲಿರಲಿ. ಗಾಯದ ಮೇಲೆ ಮೈಭಾರ ಬೀಳದಂತೆ ಡಾಕ್ಟರ್ ಹೇಳಿದ ಚಪ್ಪಲಿ ಅಥವಾ ಪಟ್ಟಿ ಬಳಸಿ. ಸತ್ತ ಚರ್ಮವನ್ನು ಆಸ್ಪತ್ರೆಯಲ್ಲೇ ತೆಗೆಸಿ, ಮನೆಯಲ್ಲಿ ಬ್ಲೇಡು ಹಾಕಬೇಡಿ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಎಂದು ಒಮ್ಮೆ ಪರೀಕ್ಷೆ ಮಾಡಿಸಿ. ಗಾಯದ ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.