ಸರ್ಟಿಫಿಕೇಟ್ ನವೀಕರಿಸಿದ ಮೇಲೆ ಬೇಡದ ರೀಡೈರೆಕ್ಟ್ ಸೇರಿಕೊಂಡರೆ

ವೆಬ್‌ಸೈಟಿಗೆ ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟನ್ನು ಸರ್ಟ್‌ಬಾಟ್ ಎಂಬ ಸಾಧನದಿಂದ ನವೀಕರಿಸುವಾಗ ‘ಸರ್ಟ್‌ಬಾಟ್ ರಿನ್ಯೂ’ ಎಂದು ಕೊಡುವ ಬದಲು ಅಪಾಚೆ (ವೆಬ್ ಸರ್ವರ್) ಆಯ್ಕೆಯೊಡನೆ ಸರ್ಟ್‌ಬಾಟನ್ನು ಹೊಸದಾಗಿ ಓಡಿಸಿದರೆ, 80ನೇ ಪೋರ್ಟಿಗೆ (ಅಂದರೆ ಸಾದಾ ಎಚ್‌ಟಿಟಿಪಿಯಲ್ಲಿ) ಬರುವ ಎಲ್ಲ ರಿಕ್ವೆಸ್ಟ್‌ಗಳನ್ನೂ ಸುರಕ್ಷಿತವಾದ ಎಚ್‌ಟಿಟಿಪಿಎಸ್‌ಗೆ ತಿರುಗಿಸುವ (ರೀಡೈರೆಕ್ಟ್) ಸಾಲುಗಳು ಸೆಟ್ಟಿಂಗ್‌ನಲ್ಲಿ ಸೇರಿಕೊಳ್ಳಬಹುದು. ನಾನು ಹೀಗೆಯೇ ಮಾಡಿದ್ದರಿಂದ, ಎಚ್‌ಟಿಟಿಪಿ ಮಾತ್ರ ಬಲ್ಲ ಹಳೆಯ ತಾಪಮಾನ ಸೆನ್ಸರೊಂದು ಮಾಹಿತಿ ಕಳುಹಿಸುವುದನ್ನೇ ನಿಲ್ಲಿಸಿತು.

ಉಬುಂಟುವಿನಲ್ಲಿ ಈ ಸಾಲುಗಳು ‘ಸೈಟ್ಸ್-ಅವೈಲೆಬಲ್’ ಫೋಲ್ಡರಿನ ಮೂಲ ಫೈಲಿನಲ್ಲಿ, 80ನೇ ಪೋರ್ಟಿನ ವರ್ಚುವಲ್ ಹೋಸ್ಟ್ (ಒಂದು ಸೈಟಿನ ಸೆಟ್ಟಿಂಗ್‌ಗಳ ಭಾಗ) ಮುಗಿಯುವ ಮುನ್ನ ಇರುತ್ತವೆ. ಫೈಲಿನ ನಕಲೊಂದನ್ನು ತೆಗೆದಿಟ್ಟುಕೊಂಡು, ‘ರಿರೈಟ್‌ರೂಲ್’ ಸಾಲನ್ನೂ ಅದರ ಮೇಲಿನ ‘ರಿರೈಟ್‌ಕಂಡ್’ ಸಾಲುಗಳನ್ನೂ ಅಳಿಸಬೇಕು. ನಿಮ್ಮದೇ ಬೇರೆ ನಿಯಮಗಳಿದ್ದರೆ ‘ರಿರೈಟ್‌ಎಂಜಿನ್ ಆನ್’ ಎಂಬುದನ್ನು ಮಾತ್ರ ಮುಟ್ಟಬಾರದು. ಬಳಿಕ ‘ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್’ ಓಡಿಸಿ, ‘ಸಿಂಟ್ಯಾಕ್ಸ್ ಓಕೆ’ ಎಂದು ಬಂದ ನಂತರವೇ ಸರ್ವರನ್ನು ರೀಲೋಡ್ ಮಾಡಬೇಕು. ‘ಸರ್ಟ್‌ಬಾಟ್ ರೋಲ್‌ಬ್ಯಾಕ್’ ಎಂಬ ಆದೇಶವೂ ಇದೆಯಾದರೂ, ಅದು ರೀಡೈರೆಕ್ಟ್ ಜೊತೆಗೆ ಬೇಕಾದ ಬದಲಾವಣೆಗಳನ್ನೂ ಹಿಂದಕ್ಕೆಳೆಯಬಹುದಾದ್ದರಿಂದ ಕೈಯಿಂದ ತಿದ್ದುವುದೇ ನನಗೆ ಮೇಲೆನಿಸುತ್ತದೆ.

ಪರೀಕ್ಷಿಸುವಾಗ ಬ್ರೌಸರನ್ನು ನಂಬಬೇಡಿ. ರೀಡೈರೆಕ್ಟ್ ಮಾಡುವಾಗ ಸರ್ವರ್ ಕಳುಹಿಸುವ 301 ಎಂಬ ಸಂಕೇತ ಎಂದರೆ ಶಾಶ್ವತ ಎಂದು ತಿಳಿದು ಬ್ರೌಸರ್ ಹಳೆಯ ಉತ್ತರವನ್ನೇ ನೆನಪಿಟ್ಟುಕೊಂಡಿರುತ್ತದೆ. ಇದು ತಿಳಿಯದೆ ನಾನಂತೂ ಸರಿಯಾಗಿದ್ದ ಫೈಲನ್ನು ಅರ್ಧ ಗಂಟೆ ಮತ್ತೆ ಮತ್ತೆ ತಿದ್ದಿದೆ. ಟರ್ಮಿನಲ್‌ನಲ್ಲಿ ‘ಕರ್ಲ್ -ಐ’ ಎಂದು ಬರೆದು ಸೈಟಿನ ಎಚ್‌ಟಿಟಿಪಿ ವಿಳಾಸ ಕೊಟ್ಟರೆ (ಐ ದೊಡ್ಡಕ್ಷರ), 301 ಹೋಗಿ 200 (ಎಲ್ಲ ಸರಿ ಎಂಬ ಸಂಕೇತ) ಬಂದಿದೆಯೇ ಎಂಬುದು ಮೊದಲ ಸಾಲಿನಲ್ಲೇ ಕಾಣುತ್ತದೆ. ಎಚ್‌ಟಿಟಿಪಿಎಸ್ ಮಾತ್ರ ಬಳಸು ಎಂದು ಬ್ರೌಸರಿಗೆ ಹೇಳುವ ಎಚ್‌ಎಸ್‌ಟಿಎಸ್ ಹೆಡರ್ ಕೂಡ ಸೇರಿದ್ದರೆ, ಅದರ ‘ಮ್ಯಾಕ್ಸ್-ಏಜ್’ (ಎಷ್ಟು ಕಾಲ ನೆನಪಿಡಬೇಕು ಎಂಬ) ಬೆಲೆಯನ್ನು 0 ಮಾಡಿ ಎಚ್‌ಟಿಟಿಪಿಎಸ್ ಮೂಲಕವೇ ಕೆಲವು ದಿನ ಕಳುಹಿಸಬೇಕಾಗುತ್ತದೆ.