ವರ್ಷಕ್ಕೊಮ್ಮೆ ಕಟ್ಟು ಬಿಚ್ಚಬೇಕು

ಬಸದಿಯ ಅರ್ಚಕರಾದ ಇಂದ್ರರು ಕಪಾಟಿನ ಬೀಗ ತೆಗೆದಾಗ ಮೊದಲು ಹೊರಗೆ ಬಂದದ್ದು ವಾಸನೆ. ಕರ್ಪೂರ, ಜಿಡ್ಡುಗಟ್ಟಿದ ಹಳೆಯ ಎಣ್ಣೆ, ಮುಗ್ಗಲು, ಇವೆಲ್ಲದರ ಅಡಿಯಲ್ಲಿ ಒಣಹುಲ್ಲಿನಂಥ ಒಂದು ಸಣ್ಣ ಕಂಪು. ಆ ಕಂಪು ಮೂಗಿಗೆ ಬಡಿದಾಗ ನನಗೆ ಜೀವ ಬಂದಂತಾಯಿತು. ಓಲೆಗರಿ ಪೂರ್ತಿ ಹಾಳಾಗಿದ್ದರೆ ಬರೀ ಮಣ್ಣಿನ ವಾಸನೆ ಬರುತ್ತದೆ. ಹಸ್ತಪ್ರತಿಗಳ ಸಂರಕ್ಷಣೆಗೆ ಇಳಿದು ಇಪ್ಪತ್ತು ವರ್ಷ ಕಳೆದರೂ ಈಗಲೂ ಕಣ್ಣಿಗಿಂತ ಮೊದಲು ಮೂಗನ್ನೇ ನಂಬುತ್ತೇನೆ.

ತುಳುನಾಡಿನ ಒಳಭಾಗದ ಒಂದು ಸಣ್ಣ ಬಸದಿ ಅದು. ಕಪಾಟಿನಲ್ಲಿ 43 ಕಟ್ಟುಗಳಿದ್ದವು. ಒಂದೊಂದಕ್ಕೂ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಪದರ ಪದರವಾಗಿ ಒಣಗಿದ ಗಂಧ.

"ನಮ್ಮ ತಂದೆಯವರು ಇರುವಷ್ಟು ದಿನ ಪ್ರತಿ ಶ್ರುತಪಂಚಮಿಗೆ ಎಲ್ಲವನ್ನೂ ಬಿಚ್ಚುತ್ತಿದ್ದರು. ಅವರು ಹೋದ ಮೇಲೆ ನಾನು ಬಟ್ಟೆಯ ಮೇಲೆಯೇ ಗಂಧ ಹಚ್ಚಿ ಪೂಜೆ ಮಾಡಿ ಒಳಗಿಡುತ್ತೇನಮ್ಮ. ಬಿಚ್ಚಿದರೆ ಎಲ್ಲಿ ಮುರಿದು ಹೋದೀತೋ ಎಂದು ಹೆದರಿಕೆ" ಎಂದರು ಇಂದ್ರರು.

ತಂದೆಯವರು ತೀರಿಕೊಂಡು 31 ವರ್ಷವಾಗಿತ್ತು. ಕರಾವಳಿಯ 31 ಮಳೆಗಾಲಗಳನ್ನು ಆ ಕಟ್ಟುಗಳು ಬಿಗಿದ ಬಟ್ಟೆಯೊಳಗೆ ಉಸಿರು ಕಟ್ಟಿಕೊಂಡು ಕಳೆದಿದ್ದವು. ಇಂದ್ರರದು ಅನಾದರವಲ್ಲ, ಅತಿಯಾದ ಭಕ್ತಿ. ನಾನು ಕಂಡ ಹಾಳಾದ ಸಂಗ್ರಹಗಳಲ್ಲಿ ಬಹುಪಾಲು ಹೀಗೆ ಭಯಭಕ್ತಿಯಿಂದ ಮುಚ್ಚಿಟ್ಟವೇ.

ಶ್ರುತಪಂಚಮಿ ಬರುವುದು ಜ್ಯೇಷ್ಠ ಶುದ್ಧ ಪಂಚಮಿಯಂದು. ದಿಗಂಬರ ಜೈನರ ಪ್ರಾಚೀನ ಆಗಮಗ್ರಂಥವಾದ ಷಟ್ಖಂಡಾಗಮದ ಬರವಣಿಗೆ ಮುಗಿದು ಅದಕ್ಕೆ ಪೂಜೆ ಸಂದ ದಿನವೆಂದು ಜೈನರು ಅದನ್ನು ಆಚರಿಸುತ್ತಾರೆ. ಅಂದು ಶಾಸ್ತ್ರಗ್ರಂಥಗಳನ್ನು ಹೊರಗೆ ತಂದು, ದೂಳು ತೆಗೆದು, ಹೊಸ ಬಟ್ಟೆ ಸುತ್ತುವುದು ವಾಡಿಕೆ. ನಮ್ಮ ಕಡೆ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೇಸಿಗೆಯಲ್ಲಿ ಒಣಗಿದ ಗರಿಯನ್ನು ಮಳೆ ಹಿಡಿಯುವ ಮುನ್ನ ಒಮ್ಮೆ ನೋಡಿ, ಹುಳು ಹಿಡಿದಿದ್ದರೆ ಬೇರೆ ಮಾಡಿ, ಒಣಬಟ್ಟೆಯಲ್ಲಿ ಕಟ್ಟಿಡುವುದು: ಇದಕ್ಕಿಂತ ಒಳ್ಳೆಯ ವೇಳಾಪಟ್ಟಿಯನ್ನು ಯಾವ ಸಂರಕ್ಷಣಾ ತರಬೇತಿಯಲ್ಲೂ ನಾನು ಕಲಿತಿಲ್ಲ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಊರಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯಾಕೇಂದ್ರವಿತ್ತು. 1058ರ ಅಲ್ಲಿಯ ಶಾಸನವು ವಿದ್ಯಾರ್ಥಿಗಳ ಮತ್ತು ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಗ್ರಂಥ ನೋಡಿಕೊಳ್ಳುವುದಕ್ಕೆಂದೇ ಆರು ಮಂದಿ! ಒಂದು ಕಪಾಟು, ಒಂದು ಬೀಗ ಸಾಕೆಂದು ಅಂದಿನವರು ತಿಳಿದಿರಲಿಲ್ಲ. ಬಿಚ್ಚಿ ಕಟ್ಟುವ ಕೈಗಳು ಬೇಕೆಂದು ಅವರಿಗೆ ಗೊತ್ತಿತ್ತು. ಆ ಶಾಸನವನ್ನು ನೆನೆದಾಗಲೆಲ್ಲ ನನಗೆ ನನ್ನ ಕೆಲಸದ ಮೇಲೆ ಗೌರವ ಹೆಚ್ಚುತ್ತದೆ.

ಮೊದಲ ದಿನ ನಾವು ಬಿಚ್ಚಿದ್ದು ಒಂದೇ ಕಟ್ಟು. ಬಿಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆದೆ, ಗಂಟು ಹೇಗೆ ಹಾಕಿದೆ ಎಂಬುದನ್ನೂ ಸೇರಿಸಿ. ಮೇಜಿನ ಮೇಲೆ ದೊಡ್ಡ ಬಿಳಿ ಕಾಗದ ಹಾಸಿದೆ. ಕಟ್ಟನ್ನು ಮೆಲ್ಲಗೆ ಎತ್ತಿಟ್ಟಾಗ ಕಾಗದದ ಮೇಲೆ ಏನು ಉದುರುತ್ತದೆ ಎಂಬುದು ಮುಖ್ಯ. ನುಣ್ಣಗಿನ ತಿಳಿ ಬಣ್ಣದ ಪುಡಿ ಉದುರಿದರೆ ಒಳಗೆ ಹುಳು ಇನ್ನೂ ಕೊರೆಯುತ್ತಿದೆ ಎಂದು ಅನುಮಾನಿಸಬೇಕು. ಇಲ್ಲಿ ಬಿದ್ದದ್ದು ಕಪ್ಪಗಿನ ಹಳೆಯ ಕಸ, ಜೊತೆಗೆ ಒಣಗಿದ ಬಜೆಯ ಎರಡು ತುಂಡು. ಹುಳು ಬಾರದಿರಲೆಂದು ತಂದೆಯವರು ಇಟ್ಟದ್ದಿರಬೇಕು. ಇಂದ್ರರು ಅವನ್ನು ಕೈಗೆತ್ತಿಕೊಂಡು ಸುಮ್ಮನೆ ನೋಡುತ್ತಾ ನಿಂತರು.

ಇನ್ನು ದಾರ. ಹಳೆಯ ದಾರವನ್ನು ಕತ್ತರಿಸಿ ಎಳೆದುಬಿಡುವ ಆತುರ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಗರಿಗಳು ಇಸ್ಪೀಟು ಎಲೆಯಂತೆ ಜಾರುತ್ತವೆ. ಸಾಮಾನ್ಯವಾಗಿ ಅಂಚಿನಲ್ಲಿ ಗರಿಯ ಸಂಖ್ಯೆ ಇರುತ್ತದೆ, ಆದರೆ ಮೊದಲು ಮುರಿಯುವುದೇ ಅಂಚು. ಸಂಖ್ಯೆ ಹೋದ 200 ಗರಿಗಳನ್ನು ಪಾಠ ಓದಿ ಓದಿ ಮತ್ತೆ ಜೋಡಿಸುವುದಕ್ಕೆ ತಿಂಗಳುಗಳೇ ಬೇಕು. ನಾನು ಹಳೆಯ ದಾರದ ತುದಿಗೆ ಹೊಸ ಹತ್ತಿ ದಾರವನ್ನು ಕಟ್ಟಿ ಇನ್ನೊಂದು ಕಡೆಯಿಂದ ಮೆಲ್ಲಗೆ ಎಳೆಯುತ್ತೇನೆ. ಹಳೆಯದು ಹೊರಗೆ ಬರುತ್ತಿದ್ದಂತೆ ಹೊಸದು ಅದರ ಜಾಗಕ್ಕೆ ಸರಿಯುತ್ತದೆ, ಗರಿಗಳ ಕ್ರಮ ಒಂದಿಷ್ಟೂ ಕದಲುವುದಿಲ್ಲ.

ದೂಳು ತೆಗೆಯುವುದಕ್ಕೆ ಮೆತ್ತಗಿನ ಕುಂಚ ಸಾಕು, ನಡುವಿನಿಂದ ಅಂಚಿನ ಕಡೆಗೆ, ಗರಿಯ ನಾರು ಹರಿಯುವ ದಿಕ್ಕಿನಲ್ಲಿ. ಒದ್ದೆ ಮಾಡುವ ಮುನ್ನ ಅಕ್ಷರ ಕಂಟದಿಂದ, ಎಂದರೆ ಲೋಹದ ಮೊನೆಯಿಂದ, ಕೊರೆದದ್ದೋ ಮಸಿಯಿಂದ ಬರೆದದ್ದೋ ಎಂಬುದನ್ನು ನೋಡಲೇಬೇಕು. ಕೊರೆದದ್ದಾದರೆ ಆಲ್ಕೋಹಾಲ್ ಮತ್ತು ನೀರನ್ನು ಸಮಪಾಲು ಬೆರೆಸಿ, ಹತ್ತಿಯನ್ನು ಅದ್ದಿ ಹಿಂಡಿ ಒರೆಸಬಹುದು. ಮಸಿಯಲ್ಲಿ ಬರೆದಿದ್ದರೆ ಅದೇ ಹತ್ತಿ ಒಂದು ಸಾಲಿನ ಪುರಾಣವನ್ನೇ ಅಳಿಸಿಬಿಡುತ್ತದೆ.

ಗರಿಯ ಜಾತಿಯನ್ನೂ ಗಮನಿಸಬೇಕು. ಶ್ರೀತಾಳ ತೆಳು, ನುಣುಪು, ಅಗಲ. ಚೆನ್ನಾಗಿದ್ದರೆ ಬೆರಳಿನ ಮೇಲೆ ಬಾಗುತ್ತದೆ. ಖರತಾಳ ದಪ್ಪ, ಒರಟು, ಬೇಗ ಸೀಳುತ್ತದೆ. ಈ ಬಸದಿಯಲ್ಲಿದ್ದವು ಬಹುತೇಕ ಶ್ರೀತಾಳದವು. ಆ ಮರ ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು, ಕಾಯಿ ಬಿಟ್ಟು, ಸಾಯುತ್ತದೆ. ಹೂ ಬಿಟ್ಟರೆ ಊರಿಗೆ ಕೇಡು ಎಂದು ಕಡಿದು ಹಾಕುವವರೂ ಇದ್ದಾರೆ. ನಮ್ಮ ಪೂರ್ವಿಕರ ಅಷ್ಟೊಂದು ಮಾತುಗಳನ್ನು ಹೊತ್ತ ಮರಕ್ಕೆ ಈ ಗತಿ ಬಂದದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒರೆಸಿದ ಗರಿ ನೆರಳಲ್ಲಿ ಆರಿದ ಮೇಲೆ ನನಗೆ ಅತ್ಯಂತ ಪ್ರಿಯವಾದ ಕೆಲಸ ಆರಂಭವಾಗುತ್ತದೆ. ಕೊರೆದ ಅಕ್ಷರಗಳ ಕಪ್ಪು ಉದುರಿ ಹೋಗಿರುತ್ತದೆ, ಗರಿ ಬೋಳಾಗಿ ಕಾಣುತ್ತದೆ. ದೀಪದ ಕಾಡಿಗೆಯನ್ನು ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಕಲಸಿ ಹತ್ತಿಯಿಂದ ಗರಿಯ ಮೇಲೆಲ್ಲ ಸವರುತ್ತೇನೆ. ಒಂದು ಕ್ಷಣ ಗರಿ ಪೂರಾ ಕಪ್ಪು. ಆಮೇಲೆ ಒಣಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದರೆ ಮೇಲಿನ ಕಪ್ಪು ಬಟ್ಟೆಗೆ ಬರುತ್ತದೆ, ಗೀರುಗಳೊಳಗಿನದು ಅಲ್ಲೇ ನಿಲ್ಲುತ್ತದೆ. ಎಡದಿಂದ ಬಲಕ್ಕೆ ಅಕ್ಷರಗಳು ಒಂದೊಂದಾಗಿ ಕಣ್ಣು ಬಿಡುತ್ತವೆ. ಹನ್ನೊಂದನೆಯ ಕಟ್ಟಿನ ಕೊನೆಯ ಗರಿಯನ್ನು ಹೀಗೆ ಒರೆಸುತ್ತಿದ್ದಾಗ ಒಂದು ಶ್ಲೋಕ ಮೇಲೆದ್ದಿತು. ನಾಡಿನ ಎಷ್ಟೋ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆದಿರುವ ಶ್ಲೋಕವೇ ಅದು:

ತೈಲಾದ್ರಕ್ಷೇಜ್ಜಲಾದ್ರಕ್ಷೇದ್ರಕ್ಷೇಚ್ಛಿಥಿಲಬಂಧನಾತ್ |
ಮೂರ್ಖಹಸ್ತೇ ನ ದಾತವ್ಯಮೇವಂ ವದತಿ ಪುಸ್ತಕಮ್ ||

ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ, ಎನ್ನುತ್ತದೆ ಪುಸ್ತಕ.

ಇದನ್ನು ಇಂದ್ರರಿಗೆ ಓದಿ ಹೇಳಿದೆ. ಅವರು ನನ್ನ ಎಣ್ಣೆ ಬಾಟಲಿಯನ್ನು ನೋಡಿದರು. "ಪುಸ್ತಕವೇ ಎಣ್ಣೆ ಬೇಡ ಎನ್ನುತ್ತಿದೆಯಲ್ಲ ಅಮ್ಮ, ನೀವು ಹಚ್ಚುತ್ತಿದ್ದೀರಿ" ಎಂದರು.

ಪ್ರಶ್ನೆ ನೇರವಾಗಿ ಎದೆಗೆ ತಾಗಿತು, ಏಕೆಂದರೆ ಆ ತಪ್ಪನ್ನು ನಾನು ಮಾಡಿದ್ದೇನೆ. ಕೆಲಸ ಕಲಿತ ಎರಡನೆಯ ವರ್ಷ ಮಲೆನಾಡಿನ ಒಂದು ಮನೆಯ ಸಂಗ್ರಹ ನನ್ನ ಕೈಗೆ ಬಂದಿತ್ತು. ಗರಿಗಳು ಬಿರುಸಾಗಿದ್ದವು. ಎಣ್ಣೆ ಕುಡಿದರೆ ಮೃದುವಾಗುತ್ತವೆ ಎಂದು ಎರಡು ಮೂರು ಸಲ ಧಾರಾಳವಾಗಿ ಹಚ್ಚಿ, ಆರುವ ಮುನ್ನವೇ ಕಟ್ಟಿಬಿಟ್ಟೆ. ಮರುವರ್ಷ ಹೋಗಿ ನೋಡಿದರೆ ಗರಿಗಳು ಕಪ್ಪಾಗಿ, ಒಂದಕ್ಕೊಂದು ಅಂಟಿ, ಅಂಚಿನ ತುಂಬ ದೂಳು ಮೆತ್ತಿಕೊಂಡಿತ್ತು. ಮೂರು ಗರಿಗಳಲ್ಲಿ ಅಕ್ಷರದ ಸುತ್ತ ಕಪ್ಪು ಹರಡಿ ಓದಲಾಗದಂತೆ ಆಗಿತ್ತು. ಆ ಮನೆಯ ಅಜ್ಜಿ ನನಗೆ ಒಂದು ಮಾತೂ ಅನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಆ ಮೂರು ಗರಿಗಳಿಗೆ ನಾನು ಇಂದಿಗೂ ಸಾಲಗಾರಳು. ಈಗ ಇಡೀ ಗರಿಗೆ ಹತ್ತಿಯ ತುದಿಯಲ್ಲಿ ಒಂದೆರಡು ಹನಿ, ಆಮೇಲೆ ಒಂದು ಪೂರ್ತಿ ದಿನ ನೆರಳಲ್ಲಿ ಬಿಡಿಬಿಡಿಯಾಗಿ ಹರಡಿಡುವುದು. ಬೆರಳಿಗೆ ಜಿಡ್ಡು ತಾಗಿದರೆ ಇನ್ನೊಂದು ದಿನ. ಮಜ್ಜಿಗೆ ಹುಲ್ಲಿನ ಎಣ್ಣೆ, ಸಿಟ್ರೊನೆಲ್ಲಾ ಎಣ್ಣೆ ಬೇಗ ಆರುತ್ತವೆ, ಅವುಗಳ ವಾಸನೆ ಹುಳುವಿಗೆ ಆಗುವುದಿಲ್ಲ. ದೀಪದ ಎಣ್ಣೆ, ಅಡುಗೆಯ ಎಣ್ಣೆ ಗರಿಯ ಹತ್ತಿರಕ್ಕೂ ಬರಬಾರದು. ಶ್ಲೋಕ ಬರೆದವರ ಕಣ್ಣ ಮುಂದಿದ್ದದ್ದು ಆ ಜಿಡ್ಡೇ ಇರಬೇಕು ಎಂದು ಇಂದ್ರರಿಗೆ ಹೇಳಿದೆ.

ಶ್ಲೋಕದ ಮೂರನೆಯ ಮಾತು, ಸಡಿಲ ಕಟ್ಟು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಕಟ್ಟು ಸಡಿಲವಾದರೆ ಗರಿಗಳು ಉಜ್ಜಿ ಅಕ್ಷರ ಸವೆಯುತ್ತದೆ, ಸಂದಿಯಲ್ಲಿ ಹುಳು ಮನೆ ಮಾಡುತ್ತದೆ, ಗರಿ ಸೊಟ್ಟಗಾಗುತ್ತದೆ. ತೀರಾ ಬಿಗಿದರೆ ದಾರದ ತೂತು ಹರಿದು ಗರಿ ಸೀಳುತ್ತದೆ. ಮೇಲೆ ಕೆಳಗೆ ಗರಿಯ ಅಳತೆಯ ಮರದ ಹಲಗೆ ಇಟ್ಟು, ಹಲಗೆಯ ಮೇಲೆ ಹೆಬ್ಬೆರಳು ಒತ್ತಿದರೆ ಕಟ್ಟು ಕದಲಬಾರದು, ಆದರೆ ದಾರದಡಿ ಕಿರುಬೆರಳಿನ ತುದಿ ತೂರುವಂತಿರಬೇಕು. ಇಂದ್ರರಿಗೆ ಇದನ್ನು ಕಲಿಸಲು ಮೂರು ಸಂಜೆ ಹಿಡಿಯಿತು. ನಾಲ್ಕನೆಯ ಸಂಜೆ ಅವರ ಮೊಮ್ಮಗಳು ಬಂದು ನೋಡಿ ಒಂದೇ ಸಲಕ್ಕೆ ಕಲಿತಳು.

ಓಲೆಗರಿ ಎಷ್ಟು ಚೆನ್ನಾಗಿ ನೋಡಿಕೊಂಡರೂ ಕೆಲವು ನೂರು ವರ್ಷ. ಹಾಗಾಗಿ ಹಿಂದಿನವರ ಭಂಡಾರಗಳಲ್ಲಿ ಕಾಯುವುದರಷ್ಟೇ ದೊಡ್ಡ ಕೆಲಸ ಪ್ರತಿ ಮಾಡುವುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಅತ್ತಿಮಬ್ಬೆಯನ್ನು ಕನ್ನಡಿಗರು ಸಾವಿರ ವರ್ಷದಿಂದ ನೆನೆಯುತ್ತಿದ್ದಾರೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಳಾ ಪ್ರತಿಗಳ ಕತೆಯಂತೂ ನಮ್ಮ ಇಂದ್ರರಿಗೆ ಬಾಯಿಪಾಠ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದು 816ರಲ್ಲಿ ಮುಗಿಸಿದ ಆ ವ್ಯಾಖ್ಯಾನ ಹಳಗನ್ನಡ ಲಿಪಿಯ ಓಲೆಗಳಲ್ಲಿ ಅಲ್ಲಿ ಮಾತ್ರ ಉಳಿದಿತ್ತು. ಶತಮಾನಗಳ ಕಾಲ ಯಾತ್ರಿಕರಿಗೆ ಅದರ ದರ್ಶನವಷ್ಟೇ ಆಗುತ್ತಿತ್ತು. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾದಾಗ ಆ ಕೆಲಸದಲ್ಲಿದ್ದ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯ ಇನ್ನೊಂದು ಪ್ರತಿ ಮಾಡಿಕೊಂಡರು. ಗ್ರಂಥ ಹೊರಜಗತ್ತಿಗೆ ಹೊರಟದ್ದು ಆ ಗುಟ್ಟಿನ ಪ್ರತಿಯ ದಾರಿಯಲ್ಲಿ. ಹೀರಾಲಾಲ ಜೈನರ ಸಂಪಾದನೆಯಲ್ಲಿ 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಅದು ಅಚ್ಚಾಯಿತು. ಶಾಸ್ತ್ರಿಗಳು ಮಾಡಿದ್ದು ಸರಿಯೇ ತಪ್ಪೇ ಎಂದು ಇಂದ್ರರು ನನ್ನನ್ನು ಕೇಳಿದರು. ಸರಿ ಎಂದೆ, ಹಿಂದೆ ಮುಂದೆ ನೋಡಲಿಲ್ಲ.

ಈಗ ಪ್ರತಿ ಮಾಡುವುದೆಂದರೆ ಕ್ಯಾಮೆರಾ. ಪ್ರತಿ ಗರಿಯ ಎರಡೂ ಮಗ್ಗುಲು, ಜೊತೆಗೆ ಅಳತೆಪಟ್ಟಿ. ಕಪ್ಪು ಹಚ್ಚಲಾಗದಷ್ಟು ನಾಜೂಕಾದ ಗರಿಗೆ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಗೀರುಗಳ ನೆರಳಿನಲ್ಲೇ ಅಕ್ಷರ ಓದಬಹುದು. ಆದರೆ ಫೋಟೊ ಆಯಿತಲ್ಲ, ಇನ್ನು ಗರಿ ಏಕೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಿದ್ದಿದ ಅಕ್ಷರದ ಆಳ, ಕೈ ಬದಲಾದ ಜಾಗ, ಗರಿಯ ಜಾತಿ, ಇವು ಇನ್ನೂ ಬೇಕಾಗುತ್ತವೆ.

43ರಲ್ಲಿ 42 ಕಟ್ಟುಗಳು ಬಿಚ್ಚಿಕೊಂಡವು. 29ನೆಯದು ಇಟ್ಟಿಗೆಯಂತೆ ಒಂದಾಗಿತ್ತು. ತೇವದ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟು, ಬಿದಿರಿನ ತೆಳು ಸೀಳನ್ನು ಸಂದಿಗೆ ತೂರಿಸಿ ಮೇಲಿನ ಏಳು ಗರಿಗಳನ್ನು ಬಿಡಿಸಿದೆ. ಎಂಟನೆಯದರ ಪೊರೆ ಏಳಲು ಶುರುವಾದದ್ದನ್ನು ಕಂಡು ಕೈ ಹಿಂತೆಗೆದೆ. ನನಗಿಂತ ಜಾಣ ಕೈ, ನನ್ನದಕ್ಕಿಂತ ಒಳ್ಳೆಯ ವಿಧಾನ ಬರುವವರೆಗೆ ಅದು ಹಾಗೇ ಇರಲಿ ಎಂದು ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ.

ಕಳೆದ ಶ್ರುತಪಂಚಮಿಗೆ ನನಗೆ ಹೋಗಲಾಗಲಿಲ್ಲ. ಇಂದ್ರರ ಮೊಮ್ಮಗಳು ದಾಖಲೆ ಪುಸ್ತಕದ ಪುಟವನ್ನು ಮೊಬೈಲ್‌ನಲ್ಲಿ ಕಳಿಸಿದಳು. ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಜ್ಯೇಷ್ಠ ಶುದ್ಧ ಪಂಚಮಿ. ಬಿಚ್ಚಿದ ಕಟ್ಟು 42. ಹುಳು ಇಲ್ಲ. 17ನೆಯ ಕಟ್ಟಿನ ದಾರ ಬದಲಿಸಿದೆ. ಹೊಸ ಬಜೆ ಇಟ್ಟಿದೆ. ಮಧ್ಯಾಹ್ನ ಮಳೆ ಬಂತು, ಅಷ್ಟರಲ್ಲಿ ಎಲ್ಲ ಒಳಗೆ."