ದೇಶದ ಭದ್ರತೆ ಅಂದಾಗ ನಾಯಕರನ್ನು ಏನು ಕೇಳಬೇಕು?

ಚುನಾವಣೆ ಬಂದರೆ ಎಲ್ಲ ಪಕ್ಷದವರೂ ದೇಶದ ಭದ್ರತೆ ಬಗ್ಗೆ ಜೋರಾಗಿ ಮಾತಾಡುತ್ತಾರೆ. ಮಾತು ಕೇಳಿ ವೋಟು ಹಾಕಬೇಡಿ. ಹೆಚ್ಚಿನ ಅಧಿಕಾರ ಕೇಳುವವರು ಯಾವ ಕಡಿವಾಣಕ್ಕೆ ಒಪ್ಪುತ್ತಾರೆ ಅನ್ನೋದನ್ನು ನೋಡಿ.

ಮೊದಲು ಕೇಳಬೇಕಾದದ್ದು, ಈ ಅಧಿಕಾರ ಎಲ್ಲಿಯವರೆಗೆ? 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂದಾಗ ಕೊಟ್ಟ ಕಾರಣ ಆಂತರಿಕ ಗಲಭೆ. ಯಾವ ಪ್ರತಿಭಟನೆಯನ್ನು ಬೇಕಾದರೂ ಅದರೊಳಗೆ ಸೇರಿಸಬಹುದಿತ್ತು. ವಿರೋಧ ಪಕ್ಷದವರು ಜೈಲಿಗೆ ಹೋದರು, ಪತ್ರಿಕೆಗಳಿಗೆ ಸೆನ್ಸಾರ್ ಬಂತು, ನಮ್ಮ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ಇದ್ದರೂ ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇದೆಲ್ಲ ಆದಮೇಲೆ 1978ರಲ್ಲಿ ಸಂವಿಧಾನದ 44ನೇ ತಿದ್ದುಪಡಿ ಬಂತು. ಈಗ ಯುದ್ಧ, ಹೊರಗಿನ ದಾಳಿ ಅಥವಾ ಸಶಸ್ತ್ರ ದಂಗೆ ಇದ್ದರೆ ಮಾತ್ರ ಇಂಥ ತುರ್ತು ಪರಿಸ್ಥಿತಿ. ಸಚಿವ ಸಂಪುಟ ಲಿಖಿತವಾಗಿ ಹೇಳಬೇಕು, ಒಂದು ತಿಂಗಳೊಳಗೆ ಸಂಸತ್ತು ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಬೇಕು. ಹೊಸ ಭದ್ರತಾ ಕಾನೂನು ಯಾವುದೇ ಬರಲಿ, ಇದೇ ಅಳತೆ ಹಿಡಿದು ನೋಡಿ.

ಆಮೇಲೆ, ಬಿಕ್ಕಟ್ಟಿನಲ್ಲಿ ನಾಯಕರು ಸಂಸತ್ತಿಗೆ ಬಂದು ಉತ್ತರ ಕೊಡುತ್ತಾರಾ? 1962ರಲ್ಲಿ ಚೀನಾ ಜೊತೆ ಯುದ್ಧ ನಡೆಯುತ್ತಿರುವಾಗಲೇ, ನವೆಂಬರ್ 8ರಿಂದ ಸಂಸತ್ತು ಸೇರಿತು, ನೆಹರೂ ಅಲ್ಲಿ ಕಟು ಟೀಕೆ ಕೇಳಬೇಕಾಯಿತು. ಹಾಗಾಗಿ ಯುದ್ಧದ ಹೊತ್ತಲ್ಲಿ ಪ್ರಶ್ನೆ ಕೇಳಬಾರದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಂಟರ್ನೆಟ್ ಬಂದ್ ಮಾಡಿದರೂ ಅಷ್ಟೇ, ಆದೇಶ ತೋರಿಸಿ ಅಂತ ಕೇಳಿ. ಅದನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ಬಂದ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲೇ ಹೇಳಿದೆ.

ಶಾಂತಿಯ ವಿಷಯದಲ್ಲಿ ಮಿಜೋರಾಂ ನೋಡಿ. ಇದನ್ನು ನಾವು ಜಾಸ್ತಿ ಓದಬೇಕಿತ್ತು. 1966ರಲ್ಲಿ ಲಾಲ್‌ಡೆಂಗಾ ಅವರ ಮಿಜೋ ನ್ಯಾಷನಲ್ ಫ್ರಂಟ್ ಬಂದೂಕು ಹಿಡಿದು ಸ್ವಾತಂತ್ರ್ಯ ಘೋಷಿಸಿತು, ನಮ್ಮದೇ ವಾಯುಪಡೆ ಐಜಾಲ್ ಮೇಲೆ ದಾಳಿ ಮಾಡಿತು, ಹಳ್ಳಿಹಳ್ಳಿಗಳನ್ನೇ ಎಬ್ಬಿಸಿ ಸೇನೆಯ ಕಾವಲಿನಲ್ಲಿ ಬೇರೆ ಕಡೆ ಕೂರಿಸಿದರು. ಅದರಿಂದ ಜಗಳ ಮುಗಿಯಲಿಲ್ಲ. ಇಪ್ಪತ್ತು ವರ್ಷದ ನಂತರ, 1986ರ ಜೂನ್ 30ರಂದು, ರಾಜೀವ್ ಗಾಂಧಿ ಸರ್ಕಾರ ಅದೇ ಲಾಲ್‌ಡೆಂಗಾ ಜೊತೆ ಒಪ್ಪಂದ ಮಾಡಿಕೊಂಡಿತು. ಕಾಂಗ್ರೆಸ್ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ಕುರ್ಚಿ ಬಿಟ್ಟುಕೊಟ್ಟರು. ಬಂಡುಕೋರರು ಶಸ್ತ್ರ ಕೆಳಗಿಟ್ಟರು, 1987ರಲ್ಲಿ ಚುನಾವಣೆಗೆ ನಿಂತು ಗೆದ್ದರು. ದೇಶ ಒಡೆಯಲಿಲ್ಲ, ಅಲ್ವಾ? ಮಾತುಕತೆ ಅಂದ ಕೂಡಲೇ ದೌರ್ಬಲ್ಯ ಅನ್ನುವ ನಾಯಕರಿಗೆ ಈ ಉದಾಹರಣೆ ಕೊಟ್ಟು, ನಿಮ್ಮ ದಾರಿ ಏನು ಅಂತ ಕೇಳಿ.

ನಿಮ್ಮ ಸಂಸದರಿಂದಲೇ ಶುರು ಮಾಡಿ. ಸಂಸತ್ತಿನ ವೆಬ್‌ಸೈಟಿನಲ್ಲಿ ಅವರು ಕೇಳಿದ ಪ್ರಶ್ನೆ, ಆಡಿದ ಮಾತು ಸಿಗುತ್ತವೆ. ಅವರು 2019ರಲ್ಲೂ ಸದಸ್ಯರಾಗಿದ್ದರೆ, ಒಬ್ಬ ವ್ಯಕ್ತಿಯನ್ನೇ ಭಯೋತ್ಪಾದಕ ಅಂತ ಸರ್ಕಾರ ಘೋಷಿಸಬಹುದು ಎಂದ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ತಿದ್ದುಪಡಿ ಚರ್ಚೆಯಲ್ಲಿ ಏನು ಹೇಳಿದರು, ಸುಮ್ನೆ ಕೂತಿದ್ದರಾ, ಹುಡುಕಿ ಓದಿ. ಮುಂದಿನ ಸಲ ಊರಿಗೆ ಬಂದಾಗ ಅದನ್ನೇ ಎದುರಿಗಿಟ್ಟು ಕೇಳಿ.